ತೊಂಬತ್ತೊಂಬತ್ತು ಕುರಿ ಯಾರ ಕಾಯ್ತಾರ?

ದೇವರನ್ನ ನಂಬುವಾಕಿ ಒಬ್ಬಾಕಿ, ಯಾರನ್ನೂ ನಂಬದಾಕಿ ಇನ್ನೊಬ್ಬಾಕಿ ಒಂದೇ ಮನಿಯಾಗ ಕೂಡಿದರ ನಗುವಂಥವು ತಾವಾಗೇ ನಡೀತಾವ. ಹುಡುಕ್ಕೊಂಡು ಹೋಗಬೇಕಾಗಿಲ್ಲ.

ನಂಬುವಾಕಿ ನಾನು. ನಂಬದಾಕಿ ನನ್ನ ನೆಗೆಣ್ಣಿ, ಅಂದರ ಗಂಡನ ಅಣ್ಣನ ಹೆಂಡತಿ, ಗಡಹಿಂಗ್ಲಜ ಕಡೆ ಮಹಾಗಾಂವದಾಕಿ. ನಾ ಅಕ್ಕಾ ಅಂತೀನಿ. ಕುರಿ ಸಾಕಿದ ಮನಿತನ ನಮ್ಮದು, ಮನಿದೇವರು ಬೀರಪ್ಪ. ಇಬ್ಬರೂ ಹಟ್ಟಿಯಾಗ ಒಂದೇ ತಾಟಿನಾಗ ಉಂಡವರು. ನನ್ನ ಮನಿಯವರು ತೀರಿಕೊಂಡ ಮ್ಯಾಲೆ ನಾ ಇಚಲಕರಂಜಿಗೆ ಬಂದೆ, ಶಹಾಪುರದಾಗ ಕರೆಂಟಿನ ಮಗ್ಗ ನಡಸೂ ಮಗನ ಮನಿಗೆ. ಎದಿಯಾಗಿನ ಭಾರ ಎಲ್ಲಿ ಇಳಸಬೇಕು ತಿಳೀಲಿಲ್ಲ. ಓಣಿಯವರು ಕರದರಂತ ಯೇಸುವಿನ ಸಭಾಕ್ಕ ಹೋದೆ. ಅಲ್ಲಿ ಮನಸ್ಸು ಬಿಚ್ಚಿ ಅತ್ತೆ, ಹಗುರಾದೆ. ಇವತ್ತಿಗೂ ಹೋಗ್ತೀನಿ.

ಇದು ಕಿವಿಗೆ ಬಿದ್ದಾಗಿಂದ ಅಕ್ಕ ನನ್ನ ಮನಿ ನೀರು ಸುದ್ದಾ ಮುಟ್ಟಿದ್ದಿಲ್ಲ. "ಏನ ಮಂತ್ರ ಊದಿ ಕೊಡ್ತಾಳೋ ಯಾರಿಗೆ ಗೊತ್ತು" ಅಂತ ಊರೆಲ್ಲಾ ಹೇಳಿದ್ದಳು. ಕಡೀಕ ಕಣ್ಣಿನ ಪೊರಿ ತಗಸಾಕ ಬರಬೇಕಾತು. ದವಾಖಾನಿ ನಮ್ಮ ಮನಿ ಬಾಜೂಕ, ಆಕಿಗೆ ಬ್ಯಾರೆ ದಾರಿ ಇರಲಿಲ್ಲ. ನನಗ ಒಂದೇ ಆಸೆ: ಅಕ್ಕ ತಿರುಗಿ ಹೋಗೂದರೊಳಗ ಒಂದು ಸಲ ಮೊದಲಿನಂಗ ನನ್ನ ತಾಟಿನಾಗ ಕೈ ಹಾಕಬೇಕು.

ತಾಟು

ಬಂದ ದಿನ ಊಟಕ್ಕ ಕೂತಿವಿ. ನಾ ಉಣ್ಣೂಕ್ಕಿಂತ ಮೊದಲು ಕಣ್ಣು ಮುಚ್ಚಿ ದೇವರಿಗೆ ಸ್ತೋತ್ರ ಹೇಳಾಕಿ. ಕಣ್ಣು ತೆರೀತೀನಿ, ನನ್ನ ಮುಂದ ಆಕಿ ತಾಟು, ಆಕಿ ಮುಂದ ನನ್ನ ತಾಟು! ನಾ ಏನರ ಮಂತ್ರಿಸಿದ್ದರ ನನಗ ತಗಲಲಿ ಅಂತ ಸದ್ದಿಲ್ಲದ ಬದಲಿ ಮಾಡಿದ್ದಳು.

ಅಕ್ಕ ದೊಡ್ಡ ತುತ್ತು ಮಾಡಿ ಬಾಯಿಗಿಟ್ಟಳು. ಇಟ್ಟಾಕಿ ಹಂಗ ಕೆಂಪಗಾದಳು. ಕಣ್ಣಾಗ ನೀರು, ಮೂಗಿನಾಗ ನೀರು.

"ನೋಡು! ನಾ ಮೊದಲ ಅಂದಿದ್ದೆ! ಕಣ್ಣು ಮುಚ್ಚಿ ಏನೋ ಹಾಕೀದಿ ಇದರಾಗ!"

"ಹಾಕೀನಿ ಅಕ್ಕಾ" ಅಂದೆ. "ಹಸಿ ಮೆಣಸಿನಕಾಯಿ ಕುಟ್ಟಿದ ಠೇಚಾ. ನಿನಗ ಆಗೂದಿಲ್ಲಂತ ನನ್ನ ತಾಟಿನಾಗ ಅಷ್ಟೇ ಹಾಕ್ಕೊಂಡಿದ್ದೆ."

ಕಪ್ಪು ಚಸ್ಮಾ

ಆಪರೇಶನ್ ಚಲೋ ಆತು. ಡಾಕ್ಟರು ಕಪ್ಪು ಚಸ್ಮಾ ಕೊಟ್ಟರು. ಐತವಾರ ನಾ ಸಭಾಕ್ಕ ಹೊಂಟಾಗ ಆಕೀನೂ ಸೀರಿ ಸರಿ ಮಾಡ್ಕೊಂಡು ನಿಂತಳು.

"ನಿನಗ ಅಲ್ಲಿ ಏನ ಮಾಡ್ತಾರ ನೋಡಬೇಕು ನಾ. ನನ್ನ ಮೈದುನ ಇಲ್ಲ, ಕೇಳಾವರು ಯಾರದಾರ ನಿನ್ನ?"

ಆ ಮಾತಿಗೆ ನನಗ ಕಣ್ಣು ತುಂಬಿ ಬಂತು. ಅನುಮಾನದೊಳಗೂ ಅಕ್ಕರತಿ ಇತ್ತು ನೋಡ್ರಿ.

ಸಭಾದಾಗ ಬಾಗಲದ ಬಾಜೂಕ ಕೂತಳು. ಪಾಸ್ಟರು, "ಎಲ್ಲಾರೂ ಕಣ್ಣು ಮುಚ್ಚಿ ಪ್ರಾರ್ಥನಾ ಮಾಡೂಣು" ಅಂದರು. ಪ್ರಾರ್ಥನಾ ಉದ್ದಾತು. ಅಕ್ಕ ಕಲ್ಲಿನಂಗ ಕೂತಿದ್ದಳು. ಮುಗದ ಮ್ಯಾಲೆ ಪಾಸ್ಟರು ಸಂತೋಷದಿಂದ ಆಕಿ ಹತ್ರ ಬಂದರು.

"ಅಜ್ಜಿ, ಮೊದಲನೇ ಸಲ ಬಂದೀರಿ, ಎಷ್ಟು ಭಕ್ತಿಲೆ ಕೂತಿದ್ರಿ! ಒಂದು ಚೂರೂ ಅಲುಗಾಡಲಿಲ್ಲ."

"ಅಲುಗಾಡಿದರ ಚಪ್ಪಲಿ ಮ್ಯಾಲಿನ ಕಣ್ಣು ತಪ್ಪತಿತ್ತರೀ" ಅಂದಳು ಅಕ್ಕ. "ನೀವು ಎಲ್ಲಾರಿಗೂ ಮುಚ್ಚರಿ ಅಂತ ಹೇಳಿ, ನಡುವ ತೆರದು ಗಡಿಯಾರ ನೋಡಿದ್ರಿ. ಅದನ್ನೂ ನೋಡೀನಿ."

ಕಳದ ಕುರಿ

ಪಾಸ್ಟರು ಸಿಟ್ಟಾಗಲಿಲ್ಲ. ಮರುದಿನ ಆಕಿನ್ನ ಮಾತಾಡಸಾಕ ಮನಿಗೇ ಬಂದರು. ಕುರಿ ಸಾಕಿದವರಂತ ಕೇಳಿ, ಕುರುಬನ ಕತಿ ತಗದರು. ನೂರು ಕುರಿ ಇದ್ದಾವ, ಒಂದು ತಪ್ಪಿಸ್ಕೊಂತು, ಅದರ ಸಲುವಾಗಿ ಉಳದ ತೊಂಬತ್ತೊಂಬತ್ತನ್ನ ಅಡವಿಯಾಗ ಬಿಟ್ಟು ಹುಡಕಾಕ ಹೋದ, ಹೆಗಲ ಮ್ಯಾಲೆ ಹೊತ್ತು ತಂದ.

ಅಕ್ಕ ಚಸ್ಮಾ ಏರಿಸಿ ನೆಟ್ಟಗ ಕೂತಳು. "ಯಾರ ಕಡೆ ಬಿಟ್ಟ?"

"ಯಾರ ಕಡೇನೂ ಇಲ್ಲ, ಅಜ್ಜಿ. ಒಂದರ ಮ್ಯಾಲೂ ಅವಂಗ ಅಷ್ಟು ಪ್ರೀತಿ."

"ನಾಯಿನರ ಇತ್ತೋ ಇಲ್ಲೋ?"

"ನಾಯಿ ಮಾತು ಬಂದಿಲ್ಲರೀ ಅದರಾಗ."

ಅಕ್ಕ ನನ್ನ ಕಡೆ ತಿರುಗಿದಳು. "ಇಂಥಾ ಕುರುಬನ್ನ ನಂಬೀಯೇನ ನೀ? ತೋಳ ಬಂದರ?"

ಪಾಸ್ಟರು ನಕ್ಕು, "ಕಳದ ಕುರಿ ನೀವಾಗಿದ್ದರ, ಅಜ್ಜಿ?" ಅಂದರು.

"ನಾ ಯಾಕ ಕಳೀಲಿ? ನನಗ ದಾರಿ ಗೊತ್ತದ."

ಕರೆಂಟ್

ಒಂದು ಮಧ್ಯಾಹ್ನ ನಾ ಪ್ರಾರ್ಥನಾದಾಗ ಅಕ್ಕನ ಹೆಸರು ತಗೊಂಡಿದ್ದು ಆಕಿ ಕಿವಿಗೆ ಬಿತ್ತು. "ನನ್ನ ಹೆಸರಿಲೆ ಏನ ನಡಸೀದಿ?" ಅಂತ ಮಾರಿ ಗಂಟು ಹಾಕಿದಳು. ನಾ ರೊಟ್ಟಿ ಬಡ್ಯಾಕ ಕೂತೆ. ಎದ್ದು ನೋಡತೀನಿ, ಅಕ್ಕನೂ ಇಲ್ಲ, ಆಕಿ ಚೀಲನೂ ಇಲ್ಲ. ಮಹಾಗಾಂವಕ್ಕ ಹೋಗಾಕ ಬಸ್ ಸ್ಟ್ಯಾಂಡಿನ ದಾರಿ ಹಿಡದಿದ್ದಳು!

ಗ್ಯಾಸ್ ಆರಿಸಿ ಹಿಟ್ಟಿನ ಕೈಲೇ ಓಡಿದೆ. ನಮ್ಮ ಶಹಾಪುರದ ಓಣಿ ನೋಡಿದವರಿಗೆ ಗೊತ್ತು: ಎಲ್ಲಾ ಶೆಡ್ಡೂ ಒಂದೇ ನಮೂನಿ, ಎಲ್ಲಾ ಕಡೆ ಖಟಖಟ ಮಗ್ಗದ ಸಪ್ಪಳ. "ಅಕ್ಕಾ" ಅಂತ ಒದರಿದರ ನನಗೇ ಕೇಳಸವಲ್ದು. ಈಗಷ್ಟೇ ಕಣ್ಣು ಕೊಯಿಸಿದಾಕಿ, ಗಾಡಿ ಬರತಾವ, ಎಲ್ಲಿ ಎಡವಿ ಬಿದ್ದಾಳೋ ಅಂತ ಜೀವ ಹಾರಿತು. ಗಂಟಲ ಹರಕೊಂಡು ದೇವರನ್ನೇ ಕರದೆ:

"ಯೇಸಪ್ಪಾ, ಒಂದು ಗಳಿಗಿ ಈ ಕರೆಂಟ್ ತಗಿಯೋ!"

ನಮ್ಮಲ್ಲಿ ಕರೆಂಟ್ ಹೋಗೂದು ಏನ ಹೊಸದಲ್ಲ. ಆದರ ಬಾಯಿ ಮುಚ್ಚೂಕ್ಕಿಂತ ಮೊದಲ ಹೋತು. ಮಗ್ಗ ಎಲ್ಲಾ ಗಪ್ಪಾದವು. "ಕರೆಂಟ್ ತಗಿಯೋ" ಅಂತ ನನ್ನ ಧ್ವನಿ ಒಂದೇ ಓಣಿ ತುಂಬಿತು. ಅದರ ಹಿಂದೇ ಶೆಡ್ಡಿನ ಆಕಡಿಂದ ಇನ್ನೊಂದು ಧ್ವನಿ:

"ಬೀರಪ್ಪಾ, ನನ್ನ ತಂಗಿನ್ನ ಕಳಸೋ! ಆಕಿ ಏನ ಊದಿ ಕೊಟ್ಟರೂ ಉಣ್ತೀನಿ!"

ಓಡಿ ಹೋಗಿ ನೋಡಿದರ ಅಕ್ಕ, ದಾರಿ ತಪ್ಪಿ ನೂಲಿನ ಚೀಲದ ಮ್ಯಾಲೆ ಕೂತಿದ್ದಳು. ನನ್ನ ಕೈ ಗಟ್ಟಿ ಹಿಡದು, ಚಸ್ಮಾದ ಕೆಳಗ ಸೆರಗಿಲೆ ಒರಸಿಕೊಂಡಳು. ಸುಧಾರಿಸ್ಕೊಂಡಾಕಿನ ವಿಚಾರಣಿ ಚಾಲೂ ಮಾಡಿದಳು.

"ಮನಿ ಬಾಗಲಾ ಹಾಕಿ ಬಂದಿಯಿಲ್ಲೋ?"

"ಇಲ್ಲ ಅಕ್ಕಾ."

"ಮತ್ತ ಮನಿ ಯಾರ ಕಾಯಾಕತ್ತಾರ?"

"ಯಾರೂ ಇಲ್ಲ."

ಅಕ್ಕ ಚೀಲದ ಮ್ಯಾಲಿಂದ ಎದ್ದಳು. "ನೀನೂ ಆ ಕುರುಬನಂಗ ಹುಚ್ಚಿನ ಅದಿ. ನಡಿ, ಹಸುವಾಗೇದ. ಒಂದೇ ತಾಟಿನಾಗ ನೀಡು."

ನಾಕು ಹೆಜ್ಜಿ ಹೋಗೂದರಾಗ ಅಕ್ಕ ನಿಂತಳು. "ಆದರ ಒಂದು ತಿಳ್ಕೊ. ಕರೆಂಟ್ ತಗದಾಂವ ನಮ್ಮ ಬೀರಪ್ಪ. ನಿಮ್ಮಾಂವ ಅಲ್ಲ."

"ಆತು ಅಕ್ಕಾ" ಅಂದೆ.

ಅಷ್ಟರಾಗ ಶೆಡ್ಡಿನ ಮಾಲಕ ಬೆವರು ಒರಸ್ಕೋತ ಹೊರಗ ಬಂದ. "ಕೋಣ ಆಹೆ ರೇ?" ಅಂತ ಮರಾಠಿಯಾಗ ಒದರಿದ. "ಯಾರ್ರೀ ಅದು, ಕರೆಂಟ್ ತಗಿ ಅಂತ ಬೇಡ್ಕೊಂಡವರು? ನನ್ನ ಮಗ್ಗ ಎಲ್ಲಾ ನಿಂತಾವ!"

ಅಕ್ಕ ನನ್ನ ಕೈ ಬಿಡಲಿಲ್ಲ. ಕೈ ಹಿಡಕೊಂಡೇ ನನ್ನ ಬೆನ್ನ ಹಿಂದ ಸರದು ಅಂದಳು:

"ನಮ್ಮ ಬೀರಪ್ಪ ಅಲ್ರೀ ಮಾಲಕ. ಈಕಿ ಯೇಸಪ್ಪ!"