ಬೂಟ್ ಪಾರ್ಟಿಶನ್ನೂ ದೊಡ್ಡ ಭಾವನೂ

ಯಂತ್ರ ಕೆಟ್ಟರೆ ನನಗೆ ಅಂಥ ಬೇಸರವಿಲ್ಲ. ಗಿರಾಕಿ ಎದುರಿಗೆ ಕೂತಿರುವಾಗ ಕೆಟ್ಟರೆ ಮಾತ್ರ ಕೈಕಾಲು ಆಡುವುದಿಲ್ಲ. ಕಡಬ ಪೇಟೆಯಲ್ಲಿ ಮದುವೆ ಕಾಗದ ಅಚ್ಚು ಮಾಡಿಕೊಡುವ ಸಣ್ಣ ಅಂಗಡಿ ನನ್ನದು. ಕಂಪ್ಯೂಟರ್ ನಡೆಸಲಿಕ್ಕೆ ಎಲ್ಲರ ಹಾಗಲ್ಲದೆ ಲಿನಕ್ಸ್ ಎಂಬ ತಂತ್ರಾಂಶ ಹಾಕಿದ್ದೇನೆ. ವೈರಸ್ಸಿನ ಕಾಟ ಕಡಿಮೆ ಎಂಬುದು ಒಂದು ಕಾರಣ. ಪುತ್ತೂರಿನಿಂದ ಸುಳ್ಯದವರೆಗೆ ನನಗೆ ಗೊತ್ತಿರುವ ಯಾವ ಅಂಗಡಿಯಲ್ಲೂ ಇದಿಲ್ಲ ಎಂಬ ಜಂಬ ಇನ್ನೊಂದು. ಆ ಜಂಬದ ಫಲವಾಗಿ, ಅದು ಕೆಟ್ಟರೆ ಕೇಳಲಿಕ್ಕೂ ಯಾರೂ ಇಲ್ಲ.

ಮೊನ್ನೆ ಕೋಡಿಂಬಾಳದ ವಸಂತಿ ಅಕ್ಕ ಮಗಳ ಮದುವೆ ಕಾಗದದ ಪ್ರೂಫ್ ಹಿಡಿದುಕೊಂಡು ಬಂದರು. ಆಹ್ವಾನಿಸುವವರ ಸಾಲಿನಲ್ಲಿ ಅವರ ಗಂಡನ ಅಣ್ಣನ ಹೆಸರೇ ಬಿಟ್ಟುಹೋಗಿತ್ತು. "ದೊಡ್ಡ ಭಾವನ ಹೆಸರಿಲ್ಲದಿದ್ರೆ ಅವರು ಚಪ್ಪರಕ್ಕೆ ಕಾಲಿಡುದಿಲ್ಲ ಮಾರಾಯ್ರೆ. ನಾಳೆ ಬೆಳಿಗ್ಗೆ ಮೊದಲ ಕಾಗದ ದೇವರ ಎದುರು ಇಡ್ಲಿಕ್ಕುಂಟು. ಇವತ್ತೇ ಆಗ್ಬೇಕು" ಎಂದು ಕುರ್ಚಿ ಎಳೆದು ಕೂತರು.

ಕಂಪ್ಯೂಟರ್ ಚಾಲೂ ಮಾಡಿದೆ. ಕಪ್ಪು ಪರದೆ, ನಾಲ್ಕು ಸಾಲು ಇಂಗ್ಲಿಷು, ಅಲ್ಲಿಗೆ ಮುಗಿಯಿತು. ಬೆಳಿಗ್ಗೆ ಅರ್ಧಕ್ಕೆ ನಿಂತಿದ್ದ ಅಪ್‌ಡೇಟಿನ ಪ್ರತಾಪ. ಶುರುವಿನ ಮೆನುವಿನಲ್ಲಿ ಲಿನಕ್ಸಿನ ತಿರುಳಾದ ಕರ್ನೆಲ್‌ನ ಹಳೆಯ ಆವೃತ್ತಿ ಆರಿಸಿದ ಮೇಲೆ ಹೇಗೋ ಎದ್ದಿತು, ಆದರೆ ಪ್ರಿಂಟರಿನ ಸಾಫ್ಟ್‌ವೇರ್ ಅದೇ ಅಪ್‌ಡೇಟಿನಲ್ಲಿ ಸಿಕ್ಕಿಬಿದ್ದಿತ್ತು. ನೋಡಿದರೆ ಬೂಟ್ ಪಾರ್ಟಿಶನ್ ಭರ್ತಿ. ಡಿಸ್ಕಿನಲ್ಲಿ ಬೇಕಾದಷ್ಟು ಜಾಗ ಉಂಟು. ಯಂತ್ರವನ್ನು ಎಬ್ಬಿಸುವ ಕರ್ನೆಲ್‌ಗಳು ಕೂರುವ ಮೂಲೆ ಮಾತ್ರ ಬೇರೆಯೇ, ಬೆಂಕಿಪೆಟ್ಟಿಗೆಯಷ್ಟು. ಅಪ್‌ಡೇಟ್ ಆದಾಗಲೆಲ್ಲ ಹೊಸಬ ಬಂದು ಕೂರುತ್ತಾನೆ, ಹಳಬ ಏಳುವುದಿಲ್ಲ.

"ಎಂತ ಆಯ್ತು?" ಎಂದರು ಅಕ್ಕ.

"ಜಾಗ ಇಲ್ಲ ಅಕ್ಕ. ಹಳೆಯದನ್ನು ತೆಗಿಬೇಕು."

"ಭಾವನ ಹೆಸರು ಹೋಗುದಿಲ್ಲ ಅಲ್ವಾ?"

"ಅದು ಇನ್ನೂ ಬಂದೇ ಇಲ್ಲ, ಹೋಗುದು ಎಲ್ಲಿಗೆ?"

ಈಗ ಓಡುತ್ತಿರುವ ಕರ್ನೆಲ್ ಯಾವುದೆಂದು ನೋಡಿ, ಅದೊಂದನ್ನು ಬಿಟ್ಟು ಉಳಿದ ಹಳಬರನ್ನೆಲ್ಲ ದಾಕ್ಷಿಣ್ಯವಿಲ್ಲದೆ ತೆಗೆದುಹಾಕಿದೆ. ನಿಂತ ಅಪ್‌ಡೇಟ್ ಮುಗಿಸಿ ಮತ್ತೆ ಚಾಲೂ ಮಾಡಿದರೆ ಸದ್ದಿಲ್ಲದೆ ಎದ್ದಿತು. ಹೆಮ್ಮೆ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ. ಅಕ್ಕ ಮೆಚ್ಚಿ ಒಂದು ಮಾತಾಡಬಹುದೆಂದು ಕಾದೆ. "ಹೆಸರು ಹಾಕಿ" ಎಂದರು.

ಕಾಗದ ತೆರೆದರೆ ಅಲ್ಲೂ ಜಾಗವಿಲ್ಲ. ತಳದವರೆಗೂ ನೆಂಟರು.

"ಅಕ್ಷರ ಸಣ್ಣ ಮಾಡ್ಲಾ?"

"ಬೇಡ. ಭಾವನಿಗೆ ಕನ್ನಡಕ ಹಾಕಿದ್ರೂ ಕಾಣುದಿಲ್ಲ."

"ಹಾಗಾದ್ರೆ ಯಾರನ್ನಾದ್ರೂ ತೆಗಿಬೇಕಷ್ಟೆ."

ಅಕ್ಕ ಪರದೆಯ ಮೇಲೆ ಒಂದೊಂದೇ ಹೆಸರಿಗೆ ಬೆರಳಿಟ್ಟರು. ಸೋದರಮಾವನನ್ನು ಮುಟ್ಟುವ ಹಾಗಿಲ್ಲ. ಅತ್ತಿಗೆಯನ್ನು ತೆಗೆದರೆ ಮದುವೆ ಕಳೆದ ಮೇಲೂ ಜಗಳ. ಕೊನೆಗೆ ಬೆರಳು ತೀರ ಕೆಳಗಿನ ಸಾಲಿಗೆ ಬಂದು ನಿಂತಿತು.

"ಇದು ಯಾರು? ನಮ್ಮ ಕಡೆಯವರಲ್ಲ."

ಅದು ನನ್ನ ಅಂಗಡಿಯ ಹೆಸರು. ತೆಗೆದೆ. ದೊಡ್ಡ ಭಾವ ಅಲ್ಲಿ ಆರಾಮಾಗಿ ಕೂತರು.