ಟಾಫಿಗೆ ಅರ್ಥ, ಫಡ್ಜಿಗೆ ಮೂಲ

ಮನೆಯಲ್ಲಿ ಇಂಗ್ಲಿಷ್ ಪಾಠ ಹೇಳುವ ಸೊಸೆಯೊಬ್ಬಳಿದ್ದರೆ ಅವಳ ಕೈಲಿ ಏನಾದರೂ ಬರೆಸಬೇಕೆಂದು ನಂಟರಿಗೆ ಅನ್ನಿಸುತ್ತಲೇ ಇರುತ್ತದೆ. ಬರೆದ ಮೇಲೆ ಯಾಕೆ ಬರೆಸಿದೆವೋ ಎಂದೂ ಅನ್ನಿಸುತ್ತಲೇ ಇರುತ್ತದೆ.

ಚೆನ್ನೈಯ ನುಂಗಂಬಾಕ್ಕಂನಲ್ಲಿ ನನ್ನ ಭಾವನ ಹೋಟೆಲಿದೆ. ಉಡುಪಿ ಕಡೆಯವರು. ಇಡ್ಲಿ, ದೋಸೆ ಚೆನ್ನಾಗಿ ನಡೆಯುತ್ತಿದ್ದಾಗ ಯಾರ ಕಣ್ಣು ಬಿತ್ತೋ, ಬಾಗಿಲ ಪಕ್ಕದ ಮೂಲೆಯಲ್ಲಿ ಟಾಫಿ, ಫಡ್ಜ್, ಕ್ಯಾಂಡಿ ಎಂದು ಇಂಗ್ಲಿಷ್ ಸಿಹಿಗಳ ಕೌಂಟರ್ ತೆರೆದರು. ನೊಣ ಕೂಡ ಇಡ್ಲಿ ಕಡೆಗೇ ಹೋಗುತ್ತಿತ್ತು. ಮೊಬೈಲ್ ಕವರ್ ಮಾರುವವನೊಬ್ಬ ದಿನಾ ಬಂದು ಆ ಮೂಲೆಯನ್ನು ಕಣ್ಣಲ್ಲೇ ಅಳೆದು ಹೋಗುತ್ತಿದ್ದ.

"ದೀಪಾವಳಿಗೆ ಒಂದು ದೊಡ್ಡ ಆರ್ಡರ್ ಬರದಿದ್ರೆ ಮೂಲೆ ಅವನಿಗೇ ಹೋಯ್ತು ಅಂತ ಲೆಕ್ಕ" ಎಂದರು ಭಾವ. "ಎದುರಿನ ಅಂಗಡಿಯವ ಒಂದೊಂದು ಸಿಹಿಗೂ ಒಂದೊಂದು ಕತೆ ಕಾರ್ಡಲ್ಲಿ ಬರ್ದು ನಿಲ್ಲಿಸಿದ್ದಾನೆ ಮಾರಾಯ್ತಿ. ನೀನೂ ಬರಿ. ಹೆಸರು, ಅರ್ಥ, ಮೂಲ."

ಬರೆದೆ.

ಹಾವಿನ ಮದ್ದು

ಜೋನಿಬೆಲ್ಲದಂಥ ಕಪ್ಪು ಪಾಕ ಹಾಕಿದ ಒಂದು ಟಾಫಿ ಇತ್ತು. ಆ ಪಾಕಕ್ಕೆ ಟ್ರೀಕಲ್ ಎನ್ನುತ್ತಾರೆ. ಗ್ರೀಕರಿಂದ ಬಂದ ಪದ. ಹಿಂದೆ ಅದರ ಅರ್ಥ ವಿಷಜಂತು ಕಚ್ಚಿದಾಗ ಕೊಡುವ ಮದ್ದು. ನಿಜವನ್ನೇ ಬರೆದಿದ್ದೆ.

ಸಕ್ಕರೆ ಕಾಯಿಲೆಯ ಮಾಮಾ ಒಬ್ಬರು ಕಾರ್ಡನ್ನು ಶ್ರದ್ಧೆಯಿಂದ ಓದಿ, "ಓಹೋ, ಮದ್ದಾ?" ಎಂದು ಒಂದು ಡಬ್ಬಿ ಒಯ್ದರು. ಮನೆಯಲ್ಲಿ ಸಾಕ್ಷಿಗೆ ಬೇಕೆಂದು ಕಾರ್ಡನ್ನೂ ಒಯ್ದರು. ಮರುದಿನ ಅವರ ಹೆಂಡತಿ ಅದೇ ಕಾರ್ಡ್ ಹಿಡಿದು ಬಂದರು. ಭಾವ ನನ್ನ ಕಡೆ ಬೆರಳು ತೋರಿಸಿದರು.

ಮಾಮಿ ನನ್ನನ್ನು ಮೇಲಿಂದ ಕೆಳಗೆ ನೋಡಿ ತಣ್ಣಗೆ ಹೇಳಿದರು: "ಇವರಿಗೆ ಹಾವು ಕಚ್ಚಿದ ದಿನ ನಾನೇ ಬಂದು ತಗೊಂಡು ಹೋಗ್ತೀನಮ್ಮಾ. ಅಲ್ಲೀವರೆಗೆ ಕೊಡಬೇಡಿ."

ಭಟ್ಟರ ಮುಷ್ಕರ

ಫಡ್ಜ್ ಎಂದರೆ ಹಾಲು, ಸಕ್ಕರೆ, ಬೆಣ್ಣೆಯ ಮೆತ್ತನೆ ಬರ್ಫಿ. ಸಿಹಿಯ ಹೆಸರಾಗುವ ಮೊದಲು ಆ ಪದಕ್ಕೆ ಹೇಗೋ ತೇಪೆ ಹಾಕಿ ಮುಗಿಸು ಎಂಬ ಅರ್ಥವಿತ್ತು. ಪಾಕ ಕೆಟ್ಟಾಗ ಹುಟ್ಟಿದ ತಿಂಡಿ ಎಂದೂ ಕೆಲವರು ಹೇಳುತ್ತಾರೆ. ಅದನ್ನೂ ಬರೆದೆ. ಯಾರೋ ಪುಣ್ಯಾತ್ಮರು ಅದನ್ನು ಅಡುಗೆ ಭಟ್ಟರಿಗೆ ಓದಿ ಹೇಳಿದರು.

ಭಟ್ಟರು ಮೈದಾ ಮೂಟೆಯ ಮೇಲೆ ಕೈಕಟ್ಟಿ ಕೂತುಬಿಟ್ಟರು. "ಊರೆಲ್ಲ ಓದ್ಲಿಕ್ಕೆ ಬರ್ದು ಇಟ್ಟಿದ್ದಾರಲ್ಲ, ಭಟ್ಟ ಪಾಕ ಕೆಡಿಸ್ತಾನೆ ಅಂತ. ಇನ್ನು ಕೆಡಿಸ್ಲಿಕ್ಕೂ ನನ್ನನ್ನು ಕರೀಬೇಡಿ."

"ಭಾವ, ಡಿಕ್ಷನರಿಯಲ್ಲಿ ಇರೋದೇ ಹಾಗೆ" ಎಂದೆ.

"ನಾಳೆ ಬೆಳಿಗ್ಗೆ ಇಡ್ಲಿ ಬೇಯಿಸ್ಲಿಕ್ಕೆ ನಿನ್ನ ಡಿಕ್ಷನರಿ ಬರ್ತದಾ?"

ಕಾರ್ಡ್ ಹರಿದೆ.

ಎಲ್ಲರ ಊರಿನ ಕ್ಯಾಂಡಿ

ಕ್ಯಾಂಡಿ ಸಂಸ್ಕೃತದ ಖಂಡದಿಂದ ಹೊರಟು, ಪರ್ಷಿಯಾ, ಅರೇಬಿಯಾ, ಫ್ರಾನ್ಸ್ ಸುತ್ತಿ ಇಂಗ್ಲಿಷಿಗೆ ಬಂತು ಎಂದು ಬರೆದಿದ್ದೆ. ಚೆನ್ನೈಯಲ್ಲಿ ಕೂತು ಸಂಸ್ಕೃತ ಎಂದು ಬರೆಯುವ ಮೊದಲು ಎರಡು ಸಲ ಯೋಚಿಸಬೇಕಿತ್ತು, ಯೋಚಿಸಲಿಲ್ಲ.

ವೇಷ್ಟಿ ಉಟ್ಟ ನಿವೃತ್ತ ಮೇಷ್ಟ್ರೊಬ್ಬರು ಗುಡುಗಿದರು: "ಎನ್ನಮ್ಮಾ ಇದು? ನಮ್ಮ ಕಲ್ಕಂಡು ಇರುವಾಗ ಸಂಸ್ಕೃತ ಎಲ್ಲಿಂದ ಬಂತು?" ಕಲ್ಕಂಡು ಎಂದರೆ ತಮಿಳಿನ ಕಲ್ಲುಸಕ್ಕರೆ. ಹಿಂದೆ ನಿಂತಿದ್ದ, ಹಣೆಗೆ ನಾಮ ಹಾಕಿದವರೊಬ್ಬರು, "ಸಂಸ್ಕೃತವೇ ಸಾರ್!" ಎಂದು ಮುಂದೆ ಬಂದರು. ಹೋಟೆಲಿನ ಬಿಲ್ ಕಟ್ಟುವ ಕ್ಯೂ ಮುಂದೆ ಸರಿಯದೆ ನಿಂತೇ ಹೋಯಿತು. ಎರಡೂ ಪಕ್ಷದ ವಿದ್ವಾಂಸರನ್ನು ನೆನೆದು ನಾನು ಗಂಟಲು ಸರಿಮಾಡಿಕೊಂಡೆ. ಭಾವ ನನ್ನನ್ನು ಪಕ್ಕಕ್ಕೆ ಸರಿಸಿದರು.

"ಸಾರ್, ನಿಮ್ಮ ಊರು?"

"ಮಧುರೈ."

"ಅಲ್ಲೇ ಹುಟ್ಟಿದ್ದು ಸಾರ್ ಇದು. ನಿಮ್ಮದು ಸ್ವಾಮಿ?"

"ಶ್ರೀರಂಗಂ."

"ಬೆಳೆದದ್ದು ಅಲ್ಲಿ."

ಕುತ್ತಿಗೆಗೆ ಆಫೀಸಿನ ಗುರುತಿನ ಚೀಟಿ ನೇತುಹಾಕಿಕೊಂಡ ಹುಡುಗಿಯೊಬ್ಬಳು ನಗುತ್ತಾ, "ನಾನು ಪೆರುಂಗುಡಿಯಿಂದ ಬಂದೆ ಸಾರ್" ಎಂದಳು.

"ಮೇಡಂ, ಸದ್ಯ ಅಲ್ಲಿಗೇ ಹೊರಟಿದೆ."

ಪೆರುಂಗುಡಿಯಲ್ಲಿ

ಆ ಹುಡುಗಿ ನಿಜಕ್ಕೂ ಪೆರುಂಗುಡಿಯ ಐಟಿ ಕಂಪನಿಯ ಎಚ್‌ಆರ್ ಆಗಿದ್ದಳು. ದೀಪಾವಳಿ ಡಬ್ಬಿಗಳಿಗೆ ಸಿಹಿ ಆರಿಸುವ ಕೆಲಸ ಅವಳದು. "ತಂದು ತೋರಿಸಿ, ಕತೆಯನ್ನೂ ಹೇಳಿ. ಮ್ಯಾನೇಜರ್ ರುಚಿ ನೋಡಿ ಹೂಂ ಅಂದ್ರೆ ಆಯ್ತು" ಎಂದಳು. ಭಾವ ಇಸ್ತ್ರಿ ಶರ್ಟು ಹಾಕಿ, ಟ್ರೇ ತುಂಬಿಸಿ, ನನ್ನನ್ನೂ ಕಾರಿಗೆ ತುಂಬಿಸಿದರು.

ಮ್ಯಾನೇಜರ್ ಇನ್ನೂ ಬಂದಿರಲಿಲ್ಲ. ಅವನ ತಂಡದವರು ಕೂತಿದ್ದರು. ಮೈಕ್ ಬೇರೆ ಕೊಟ್ಟರು. ಪಾಠ ಹೇಳುವವಳ ಕೈಗೆ ಮೈಕ್ ಕೊಡಬಾರದು. ಸಿರಪ್ಪಿಗೂ ಶರಬತ್ತಿಗೂ ಒಂದೇ ಅರಬ್ಬಿ ಮನೆತನ, ಇಲ್ಲಿಂದ ಹೊರಟ ಶರ್ಕರವೇ ಊರೂರು ಅಲೆದು ಶುಗರ್ ಆಯಿತು ಎಂದೆಲ್ಲ ಹರಿಸಿದೆ. ಅವರು ಕಣ್ಣರಳಿಸಿ ಕೇಳಿದರು. ಕೇಳುತ್ತಾ ತಿಂದರು. ಪಂಕ್ತಿಯಲ್ಲಿ ಬಡಿಸಿ ಬೆಳೆದ ಭಾವನಿಗೆ ಖಾಲಿ ತಟ್ಟೆ ಕಂಡರೆ ಕೈ ನಿಲ್ಲುವುದಿಲ್ಲ. "ಇನ್ನೊಂದು ಹಾಕಿಸ್ಕೊಳ್ಳಿ, ನಾಚ್ಕೊಳ್ಬೇಡಿ" ಎಂದು ಬಡಿಸುತ್ತಲೇ ಹೋದರು.

ಮ್ಯಾನೇಜರ್ ಬಂದಾಗ ಟ್ರೇಯಲ್ಲಿ ಕಾಗದ ಮಾತ್ರ ಇತ್ತು.

"ಹೇಗಿತ್ತು?" ಎಂದು ತಂಡವನ್ನು ಕೇಳಿದ.

"ಸಾರ್, ಟ್ರೀಕಲ್ ಹಾವಿನ ಮದ್ದಂತೆ!"

"ಶುಗರ್ ನಮ್ಮದೇ ಅಂತೆ ಸಾರ್!"

"ಅಲ್ಲಪ್ಪಾ, ರುಚಿ?"

ಎಲ್ಲರೂ ಖಾಲಿ ಟ್ರೇ ಕಡೆ ತಿರುಗಿದರು. ಮ್ಯಾನೇಜರ್ ಖುಷಿಯಾಗಿ ನನ್ನ ಕೈ ಕುಲುಕಿದ. "ಸೂಪರ್ ಸೆಷನ್ ಮೇಡಂ. ಮುಂದಿನ ತಿಂಗಳು ಇಡೀ ಆಫೀಸಿಗೆ ಮಾಡಿ. ಸಿಹಿ ನಮ್ಮ ಹಳೆಯ ಅಂಗಡಿಯವರೇ ಕೊಡ್ತಾರೆ."

ಲಿಫ್ಟಿನಲ್ಲಿ ಭಾವ ಖಾಲಿ ಟ್ರೇ ತಬ್ಬಿ ನಿಂತಿದ್ದರು. ಕೆಳಗೆ ಬಾಗಿಲು ತೆರೆದಾಗ ಇಳಿಯಲೇ ಇಲ್ಲ. ಮತ್ತೆ ಮೇಲಿನ ಗುಂಡಿ ಒತ್ತಿದರು.

"ಎಲ್ಲಿಗೆ ಭಾವ?"

"ಇಡೀ ಆಫೀಸು ನಿನ್ನ ಮಾತು ಕೇಳ್ಬೇಕಂತಲ್ಲ. ಕೇಳಿದ ಮೇಲೆ ಅವರಿಗೆ ಎಂತಾದ್ರೂ ಖಾರ ಬೇಕೇ ಬೇಕು."

ಉಡುಪಿ ಕಡೆಯ ಮೈದಾ ಬೋಂಡಾ ಗೋಳಿಬಜೆಯ ಆರ್ಡರ್ ಹಿಡಿದು ಇಳಿದು ಬಂದರು. ಆ ಒಂದು ಸೆಷನ್ನಿಗೆ ಸಿಕ್ಕ ಆರ್ಡರ್ ಆಮೇಲೆ ಪ್ರತಿ ಶುಕ್ರವಾರವೂ ಬರತೊಡಗಿತು. ಈಗ ಆ ಮೂಲೆಯಲ್ಲಿ ಟಾಫಿಯೂ ಇಲ್ಲ, ಮೊಬೈಲ್ ಕವರೂ ಇಲ್ಲ. ಭಟ್ಟರು ಬಾಣಲೆ ಮುಂದೆ ಕೂತು ಮೈದಾ ಉಂಡೆ ಬಿಡುತ್ತಾರೆ. ಕಾರ್ಡ್ ಓದಿ ರೂಢಿಯಾದ ಗಿರಾಕಿಗಳು ಮಾತ್ರ, "ಇದಕ್ಕೆ ಅರ್ಥ, ಮೂಲ ಇಲ್ಲವಾ?" ಎಂದು ಪೀಡಿಸಿದರು. ನಾನು ಪೆನ್ನಿಗೆ ಕೈ ಹಾಕುವಷ್ಟರಲ್ಲಿ ಭಾವ ಅದನ್ನು ಕಸಿದುಕೊಂಡು ತಾವೇ ಬರೆದು ನಿಲ್ಲಿಸಿದರು:

"ಅರ್ಥ: ತಿಂದರೆ ಗೊತ್ತಾಗ್ತದೆ. ಮೂಲ: ಬಾಣಲೆ."