ಶಾಯಿ ಕುಡಿಯದ ಕಟ್ಟಿಗೆ

ನಮ್ಮ ಮಾಮಾ ಕಳ್ಳನಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಬೈಲಹೊಂಗಲದಿಂದ ರಾಮದುರ್ಗದ ತನಕ ಕಡಿಮೆಯೆಂದರೂ ಹತ್ತು ಮನೆಗಳಲ್ಲಿ ಈ ವಿಷಯವಾಗಿ ಭಿನ್ನಾಭಿಪ್ರಾಯವಿದೆ. ಒಬ್ಬರ ಮನೆಯ ಒನಕೆ, ಇನ್ನೊಬ್ಬರ ಮನೆಯ ಕಡಗೋಲು, ಮತ್ತೊಬ್ಬರ ಮುರುಕು ಮಂಚದ ಕಾಲು, ಎಲ್ಲವೂ ಮಾಮಾ ಚಹಾ ಕುಡಿದು ಹೋದ ಮೇಲೆಯೇ ಕಾಣೆಯಾದವು. ತಿಂಗಳು ಬಿಟ್ಟು ಅದೇ ಮನೆಗೆ ಮಾಮಾ ಮತ್ತೆ ಹೋಗುತ್ತಾನೆ, ಒಂದು ಫೌಂಟನ್ ಪೆನ್ನು ಮುಂದಿಡುತ್ತಾನೆ. "ನಿಮ್ಮ ಒನಕಿ, ತಗೋರಿ" ಅನ್ನುತ್ತಾನೆ. ಈಗ ಆ ಮನೆಯವರು ಪೊಲೀಸರಿಗೆ ಏನೆಂದು ದೂರು ಕೊಡಬೇಕು ಹೇಳಿ!

ಮಾಮಾ ಅಂದರೆ ನನ್ನ ಅವ್ವನ ತಮ್ಮ. ವಯಸ್ಸು ಎಪ್ಪತ್ತರ ಹೊಸ್ತಿಲು. ಅಜ್ಜ ಊರೂರಿಗೆ ಹೋಗಿ ಪುರಾಣ ಹೇಳಿದವರು. ಅವರ ಮಗ ಬೈಲಹೊಂಗಲದಲ್ಲಿ ಲೇತ್ ಮಷಿನ್ ಇಟ್ಟುಕೊಂಡು ಪಂಪಸೆಟ್ಟು ರಿಪೇರಿ ಮಾಡಿದ. "ಅಪ್ಪ ಪುರಾಣದ ಹಾಳಿ ತಿರುವಿದಾ, ನಾ ಕಬ್ಬಿಣ ತಿರುವಿದೆ. ಮನಿತನದ ಕಸಬು ತಿರುವೋದು" ಎಂದು ಮಾಮಾ ವಾದಿಸುತ್ತಾನೆ.

ಈ ಪೆನ್ನಿನ ಹುಚ್ಚು ಹಿಡಿದದ್ದು ಹೆಚ್ಚೂಕಡಿಮೆ ಮೂರು ವರ್ಷದ ಹಿಂದೆ. ಅದಕ್ಕೆ ಕಾರಣ ಅವ್ವ. ಅವ್ವ ಕನ್ನಡ ಸಾಲಿಯ ಮಾಸ್ತರಿಣಿಯಾಗಿದ್ದವಳು. ತಮ್ಮನ ಮನೆ ಹಿಂದಿನ ಓಣಿಯಲ್ಲೇ ಇದ್ದರೂ ದಿನಕ್ಕೊಂದು ಚೀಟಿ ಬರೆದು ಕಳಿಸುತ್ತಿದ್ದಳು. "ಕ್ಷೌರ ಮಾಡಿಸಿಕೋ." "ನಿನ್ನೆ ಒಯ್ದ ಡಬ್ಬಿ ತೊಳೆದು ತಾ." "ಬಿಪಿ ಗುಳಿಗೆ ನುಂಗಿದೆಯೋ ಇಲ್ಲೋ?" ಫೋನ್ ಇದೆಯಲ್ಲವ್ವಾ ಎಂದರೆ, "ಫೋನಿನ್ಯಾಗ ಬೈದ್ರ ಹತ್ತ ನಿಮಿಷಕ್ಕ ಮರೀತಾನ. ಬರದ ಬೈದ್ರ ಕಿಸೆದಾಗ ಇರ್ತದ" ಅನ್ನುತ್ತಿದ್ದಳು. ಆಮೇಲೆ ಅವಳ ಬೆರಳ ಕೀಲುಗಳು ಬಿಗಿದವು. ಪೆನ್ನು ಹಿಡಿದರೆ ಜಾರುತ್ತಿತ್ತು. ಚೀಟಿ ನಿಂತವು.

ಒಂದು ವಾರ ಬಿಟ್ಟು ಮಾಮಾ, ಮುಚ್ಚಿಟ್ಟಿದ್ದ ಲೇತಿನ ಧೂಳು ಒರೆಸಿದ. "ಅಕ್ಕನ ಕೈಯಾಗ ನಿಂದ್ರೂವಂಥಾ ಪೆನ್ನು ಮಾಡ್ತೇನಿ" ಎಂದ. ಅಷ್ಟೇ ನೋಡಿ, ನಾಲ್ಕು ತಾಲೂಕಿನ ಕಟ್ಟಿಗೆಗೆ ಶನಿ ಹೆಗಲೇರಿತು.

ಮಾಮಾ ಕಟ್ಟಿಗೆ ಪರೀಕ್ಷಿಸುವ ರೀತಿಯನ್ನು ನೀವು ನೋಡಬೇಕು. ವೈದ್ಯರೂ ರೋಗಿಯನ್ನು ಅಷ್ಟು ನೋಡುವುದಿಲ್ಲ. ಮೊದಲು ಮೂಸುತ್ತಾನೆ. ಗಲ್ಲಕ್ಕೆ ಒತ್ತಿಕೊಂಡು ತಂಪೋ ಬಿಸಿಯೋ ನೋಡುತ್ತಾನೆ. ಮುಂದಿನ ಹಲ್ಲಿಗೆ ಟಕ್ ಟಕ್ ಬಡಿದು ಕಣ್ಣು ಮುಚ್ಚಿ ಕೇಳುತ್ತಾನೆ. ಕೊನೆಗೆ ಒಂದು ಹನಿ ಶಾಯಿ ಬಿಟ್ಟು ಗಡಿಯಾರ ಹಿಡಿದು ಕೂರುತ್ತಾನೆ. ಹನಿ ಇಂಗಿದರೆ, "ಕುಡುಕ ಕಟಗಿ" ಎಂದು ಆಚೆ ಒಗೆಯುತ್ತಾನೆ. ಮಾವು ಕುಡುಕ. ಬೇವು ಕದ್ದು ಕುಡಿಯುವ ಕುಡುಕ. ಹುಣಸೆ ಕುಡಿಯುವುದಿಲ್ಲ, ಆದರೆ ಸಿಟ್ಟು ಬಹಳ, ಲೇತಿಗೆ ಏರಿಸಿದರೆ ಸೀಳುತ್ತದೆ. ಮಾಮಾನ ಬಾಯಲ್ಲಿ ಕೇಳಿದರೆ ಮರಗಳೆಲ್ಲ ನಮ್ಮ ಬೀಗರೇನೋ ಅನ್ನಿಸುತ್ತದೆ.

ಒಮ್ಮೆ ನೇಸರಗಿಯ ಸಂತೆಯಿಂದ ಎಮ್ಮೆಯ ಕೋಡು ತಂದ. ಲೇತಿಗೆ ಏರಿಸಿದ್ದೇ ತಡ, ಕೂದಲು ಸುಟ್ಟ ನಾತ ಓಣಿಗೆಲ್ಲ ಹರಡಿತು. ಮಾಮಿ ಸೆರಗು ಮೂಗಿಗೆ ಹಿಡಿದುಕೊಂಡು ಬಂದಳು.

"ಮಡಿ ಮನಿಯಾಗ ಕೋಡು ತಂದೀರಲ್ಲ, ಏನನ್ಬೇಕು ನಿಮಗ?"

"ಎಮ್ಮಿ ಹಾಲು ನಡೀತದ, ತುಪ್ಪ ನಡೀತದ. ಕೋಡಿಗೆ ಎಲ್ಲಿಂದ ಬಂತು ಮಡಿ?"

"ಹಾಲು ಎಮ್ಮಿ ತಾನ ನಿಂತು ಕೊಟ್ಟದ. ಕೋಡು ಕೊಡೂಮುಂದ ಅದನ್ನ ಕೇಳೀರೇನು?"

ಮಾಮಾ ಎದ್ದು ಕಿಟಕಿ ತೆರೆದ, ಮತ್ತೆ ಲೇತ್ ಶುರು ಮಾಡಿದ.

ನನ್ನ ಮಗಳಿಗೆ ವರ ನೋಡಲು ರಾಮದುರ್ಗಕ್ಕೆ ಅವನನ್ನು ಕಳಿಸಿದ್ದು ನಮ್ಮದೇ ತಪ್ಪು. ಸಂಜೆ ಕಣ್ಣು ಹೊಳೆಸುತ್ತ ವಾಪಸು ಬಂದ. "ಏನ ಹೇಳ್ಲಿ! ಸಾಗವಾನಿ. ನೂರು ವರ್ಷದ್ದು. ಒಂದು ಗಂಟಿಲ್ಲ, ಒಂದು ಸೀಳಿಲ್ಲ."

"ಹುಡುಗ ಹೆಂಗದಾನ ಮಾಮಾ?"

"ಯಾವ ಹುಡುಗ? ನಾ ಅವರ ಬಾಗಿಲ ಚೌಕಟ್ಟಿನ ಸುದ್ದಿ ಹೇಳ್ಲಿಕ್ಕತ್ತೇನಿ."

ಮದುವೆ ಆಯಿತು. ಚೌಕಟ್ಟು ನಿಜಕ್ಕೂ ಚೆನ್ನಾಗಿದೆ. ಅಳಿಯನೂ ಪರವಾಗಿಲ್ಲ.

ಸಂಗೊಳ್ಳಿಯ ರೈತನೊಬ್ಬನ ಕೊಡಲಿಯ ಕಾವಿನ ಮೇಲೆ, ಅಂದರೆ ಅದರ ಹಿಡಿಕೆಯ ಮೇಲೆ ಮಾಮಾನ ಕಣ್ಣು ಬಿತ್ತು. ಹೊಸ ಕಾವು ಹಾಕಿಸಿಕೊಟ್ಟು ಹಳೆಯದನ್ನು ತಂದ, ಎರಡು ಪೆನ್ನು ಮಾಡಿ ಒಂದನ್ನು ರೈತನಿಗೇ ಕೊಟ್ಟ. ಆತ ಈಗ ಸೊಸೈಟಿಯಲ್ಲಿ ಅದರಿಂದಲೇ ಸಹಿ ಮಾಡುತ್ತಾನಂತೆ. "ನಮ್ಮಪ್ಪ ಹೆಬ್ಬಟ್ಟು ಒತ್ತಾಂವ ಇದ್ದ ರೀ. ಅಂವನ ಕೊಡಲಿ ಕಾವು ಸಹಿ ಮಾಡಾಕ ಹತ್ತೈತಿ ನೋಡ್ರಿ" ಎಂದನಂತೆ.

ಹೀಗೆ ಊರ ಮಂದಿಯ ಕೈಗೆಲ್ಲ ಪೆನ್ನು ಬಂತು. ಬರಬೇಕಾದ ಒಂದು ಕೈಗೆ ಮಾತ್ರ ಬರಲಿಲ್ಲ. ಗಟ್ಟಿ ಕರಿ ರಬ್ಬರಿನದು, ಕೋಡಿನದು, ಕಾವಿನದು, ಸವದತ್ತಿಯ ಗುಡ್ಡದಿಂದ ತಂದ, ಶ್ರೀಗಂಧದಂಥದೇ ವಾಸನೆಯ ಯಾವುದೋ ಬೇರಿನದು, ಒಂದೊಂದನ್ನೇ ಮಾಮಾ ಅವ್ವನ ಮುಂದೆ ತಂದು ಹಿಡಿಯುತ್ತಿದ್ದ. ಅವ್ವ ಹಿಡಿಯುತ್ತಿದ್ದಳು. ಅದು ಜಾರುತ್ತಿತ್ತು. "ಛಂದ ಅದ. ದೇವರ ಮುಂದ ಇಡು" ಅನ್ನುತ್ತಿದ್ದಳು. ನಮ್ಮ ದೇವರ ಮುಂದೆ ಏಳು ಪೆನ್ನು ಕೂಡಿದವು. ಇಷ್ಟು ಬರೆಯುವ ಕೆಲಸ ಆ ದೇವರಿಗೂ ಇರಲಿಕ್ಕಿಲ್ಲ.

ಕಳೆದ ದೀಪಾವಳಿಯ ಮುಂದೆ ಅವ್ವ ಮೆಂತ್ಯಹಿಟ್ಟಿಗೆ ಬೇಳೆ ಹುರಿದಿಟ್ಟಿದ್ದಳು. ಅದಷ್ಟನ್ನು ಮಾತ್ರ ಅವಳು ಗಿರಣಿಗೆ ಕಳಿಸುವುದಿಲ್ಲ, ಮನೆಯ ಬೀಸುಕಲ್ಲಿನಲ್ಲೇ ಬೀಸುತ್ತಾಳೆ. ನಾನೊಂದು ಕೈ, ಅವಳೊಂದು ಕೈ. ಮಾಮಾ ಎದುರಿಗೆ ಕುಳಿತು ಹುರಿದ ಬೇಳೆ ಮುಕ್ಕುತ್ತಿದ್ದ. ಮುಕ್ಕುತ್ತಿದ್ದವನು ಇದ್ದಕ್ಕಿದ್ದಂತೆ ನಿಲ್ಲಿಸಿದ. ಅವ್ವನ ಕೈಯನ್ನೇ ನೋಡಿದ. ಎದ್ದು ಹೋದ. ಚಹಾ ಕುಡಿಯದೆ ಹೋದನೆಂದರೆ ನಾವು ಹೆದರಬೇಕಿತ್ತು.

ಮರುದಿನ ಉಳಿದ ಬೇಳೆ ಬೀಸಲು ಕುಳಿತರೆ ಕಲ್ಲಿಗೆ ಹಿಡಿದು ತಿರುಗಿಸುವ ಗೂಟವೇ ಇಲ್ಲ.

"ಇಲಿ ಒಯ್ದಿರಬೇಕವ್ವಾ" ಎಂದೆ, ಸುಮ್ಮನೆ.

"ಹೌದು. ಎರಡು ಕಾಲಿನ ಇಲಿ, ಮೂಗಿನ ಮ್ಯಾಲ ಚಾಳೀಸು ಹಾಕ್ಕೊಂಡದ" ಎಂದಳು ಅವ್ವ.

ನಾಲ್ಕನೆಯ ದಿನ ಇಲಿ ಬಂತು. ಕೈಯಲ್ಲಿ ಒಂದು ಪೆನ್ನು. ಪೆನ್ನು ಅನ್ನಬೇಕೋ ಬೇಡವೋ! ಬದನೆಕಾಯಿಯಷ್ಟು ದಪ್ಪ, ಮೇಲೆ ಗೀರು, ಎಣ್ಣೆಗಪ್ಪು ಬಣ್ಣ. ಹೊರಮೈಗೆ ಮಾಮಾ ಲೇತ್ ಮುಟ್ಟಿಸಿಯೇ ಇರಲಿಲ್ಲ. ಒಳಗೆ ಮಾತ್ರ ಕೊರೆದು, ಶಾಯಿಗೊಂದು ಕೊಳವೆ ಕೂರಿಸಿ, ತುದಿಗೆ ನಿಬ್ಬು ಹಾಕಿದ್ದ. ಅಜ್ಜಿಯ ಕೈ, ಅವ್ವನ ಕೈ, ನನ್ನ ಕೈ ಸವೆಸಿದ ನುಣುಪು ಹಾಗೇ ಇತ್ತು.

"ಇದರ ಮ್ಯಾಲ ಶಾಯಿ ಬಿಟ್ಟು ನೋಡಿದಿ?" ಎಂದು ಕೇಳಿದೆ.

"ಬಿಟ್ಟೆ. ಕುಡೀಲಿಲ್ಲ. ನಿಮ್ಮ ಕೈ ಜಿಡ್ಡು ಕುಡದು ಹೊಟ್ಟಿ ತುಂಬೇದ ಅದರದು" ಎಂದ. ಆಮೇಲೆ ಅವ್ವನ ಕಡೆ ತಿರುಗಿದ. "ಅಕ್ಕಾ, ಎರಡ ವರ್ಷ ನಾ ಪೆನ್ನಿಗೆ ಕಟಗಿ ಹುಡುಕಿದೆ. ಕೈಗೆ ಹುಡುಕಬೇಕಾಗಿತ್ತು."

ಅವ್ವ ಅದನ್ನು ಬೀಸುಕಲ್ಲಿನ ಗೂಟ ಹಿಡಿದಂತೆಯೇ ಹಿಡಿದಳು. ಬೆರಳು ತಾವಾಗಿ ಮಡಿಚಿಕೊಂಡವು. ಜಾರಲಿಲ್ಲ. ಕ್ಯಾಲೆಂಡರಿನ ಹರಿದ ಹಾಳೆಯ ಹಿಂದೆ ಕುಂಬಳಕಾಯಿಯಂಥ ಅಕ್ಷರಗಳಲ್ಲಿ, ಉಸಿರು ಬಿಗಿಹಿಡಿದು ಬರೆದಳು: "ಕಲ್ಲಿಗೆ ಹೊಸ ಗೂಟ ಹಾಕಿಸಿ ಕೊಡು."

ಮಾಮಾ ಓದಿದ. ಮಡಿಚಿ ಕಿಸೆಯಲ್ಲಿಟ್ಟುಕೊಂಡ. ಕನ್ನಡಕ ಒರೆಸಬೇಕಾಗಿ ಬಂತು, ಧೂಳು ಎಂದ.

ಇದಾಗಿ ಎಂಟು ತಿಂಗಳು. ಗೂಟ ಇನ್ನೂ ಬಂದಿಲ್ಲ. ಅವ್ವ ವಾರಕ್ಕೆರಡು ಚೀಟಿ ಕಳಿಸುತ್ತಾಳೆ: "ಗೂಟ ಎಲ್ಲಿ?" "ಮತ್ತೆ ಮರೆತೆಯಾ?" "ನಾಚಿಕೆ ಇಲ್ಲವೇನೋ ನಿನಗೆ?" ಅಕ್ಷರ ಈಗೀಗ ಸಣ್ಣವಾಗುತ್ತಿವೆ, ಗೆರೆ ನೆಟ್ಟಗಾಗುತ್ತಿದೆ. ನಾಲ್ಕು ತಾಲೂಕಿನ ಕಟ್ಟಿಗೆ ಮೂಸಿದ ಮನುಷ್ಯನಿಗೆ ಗೇಣುದ್ದದ ಒಂದು ಗೂಟ ಸಿಗಬಾರದೇ ಎಂದು ಮೊನ್ನೆ ನಾನೇ ಕೇಳಿಬಿಟ್ಟೆ.

ಮಾಮಾ ಅಂಗಿಯ ಕಿಸೆ ಮುಟ್ಟಿ ನೋಡಿಕೊಂಡ. ಅದು ಚೀಟಿಗಳಿಂದ ಉಬ್ಬಿತ್ತು.

"ಒಳ್ಳೆ ಕಟಗಿ ಸಿಗವಲ್ದವಾ" ಎಂದ.